ಗಾಯ ಮಾಯುವ ಚರ್ಮ ಮತ್ತು ನಮ್ಮ ನೀರು



ಖಾನಾಪುರದ ಮಣ್ಣು ಹೆಂಚಿಗೂ ಮಡಕೆಗೂ ಹೆಸರಾದದ್ದು. ಹಸಿ ಮಡಕೆ ಸೀಳಿದರೆ ಕುಂಬಾರನು ಅಂಚುಗಳಿಗೆ ನೀರು ಸವರಿ ಒತ್ತುತ್ತಾನೆ, ಸೀಳು ಕೂಡಿಕೊಳ್ಳುತ್ತದೆ. ಆವಿಗೆಯಲ್ಲಿ ಬೆಂದ ಮೇಲೆ ಒಡೆದರೆ ಮಾತ್ರ ಉಪಾಯವಿಲ್ಲ. ನಾವು ಬಳಸುವ ವಿದ್ಯುನ್ಮಾನ ಸಾಧನಗಳು ಬಹುಮಟ್ಟಿಗೆ ಬೆಂದ ಮಡಕೆಯಂಥವು. ಒಡೆದರೆ ಕೂಡವು, ನೀರು ಹೊಕ್ಕರೆ ಬಾಳವು.

ಹಸಿ ಮಣ್ಣಿನ ಗುಣವುಳ್ಳ ಕೃತಕ ಚರ್ಮವೊಂದನ್ನು ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಬೆಂಜಮಿನ್ ಟೀ ಮತ್ತು ಸಹೋದ್ಯೋಗಿಗಳು 2019ರಲ್ಲಿ ಪ್ರಕಟಿಸಿದರು. ಅವರಿಗೆ ಮಾದರಿಯಾದದ್ದು ಜೆಲ್ಲಿ ಮೀನು. ಈ ಚರ್ಮ ಪಾರದರ್ಶಕ, ಹಿಗ್ಗುವಂಥದು, ಒತ್ತಿದರೆ ಅರಿಯುವಂಥದು. ಕತ್ತರಿಸಿದರೆ ನೀರಿನೊಳಗೂ ಮಾಯುತ್ತದೆ. ಫ್ಲೋರಿನ್ ಕೂಡಿದ ಪಾಲಿಮರ್ ಸರಪಳಿಗಳ ನಡುವೆ ಅಯಾನಿಕ ದ್ರವವನ್ನು ಬೆರೆಸಿದ್ದಾರೆ. ಅಯಾನುಗಳಿಗೂ ಸರಪಳಿಗಳ ಧ್ರುವೀಯ ಭಾಗಗಳಿಗೂ ಇರುವ ಆಕರ್ಷಣೆ ಕಡಿದರೂ ಮತ್ತೆ ಕೂಡಬಲ್ಲದು. ಫ್ಲೋರಿನ್ ಭಾಗವು ನೀರನ್ನು ದೂರವಿಡುವುದರಿಂದ ಈ ಬೆಸುಗೆ ಕೆಡುವುದಿಲ್ಲ. ಆದರೆ ಕತ್ತರಿಸಿದ ಅಂಚುಗಳು ಒಂದನ್ನೊಂದು ತಾಗಲೇಬೇಕು. ಇದರಲ್ಲಿ ಪವಾಡವೇನೂ ಇಲ್ಲ.

ಮೃದುವಾದ ಯಂತ್ರಗಳು ನೀರಿನಲ್ಲಿ ಬಾಳುತ್ತವೆಯೇ ಎಂಬ ಸಂಶಯವೂ ಬೇಡ. ಚೀನಾದ ವಿಜ್ಞಾನಿಗಳ ಮೃದು ಯಂತ್ರಮೀನು ಮರಿಯಾನಾ ಕಂದಕದಲ್ಲಿ ಸುಮಾರು 10,900 ಮೀಟರ್ ಆಳದ ಒತ್ತಡವನ್ನು ತಾಳಿಕೊಂಡಿತೆಂದು 2021ರಲ್ಲಿ ವರದಿಯಾಯಿತು.

"ಇವೆಲ್ಲ ಸಿರಿವಂತ ದೇಶಗಳ ಆಟಿಕೆ, ಬೆಳಗಾವಿಗೆ ಏನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಒಳಚರಂಡಿಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ದೇಶದಲ್ಲಿ ಅಂಥ ಸಾವುಗಳು ನಿಂತಿಲ್ಲ. ಚೂಪಾದ ಕಬ್ಬಿಣವೂ ಗಾಜಿನ ಚೂರೂ ತುಂಬಿದ ಕತ್ತಲೆಯ ಕೊಳವೆಯಲ್ಲಿ ತಡವರಿಸಿ ಅರಿಯಬಲ್ಲ, ಗೀರಿದರೂ ಕೆಲಸ ಬಿಡದ ಯಂತ್ರಕ್ಕಿಂತ ಉಪಯುಕ್ತವಾದುದು ಯಾವುದು? ಸಮುದ್ರದ ಆಳಕ್ಕಿಂತ ಮೊದಲು ನಮ್ಮ ಬೀದಿಯ ಆಳಕ್ಕೆ ಅದು ಇಳಿಯಲಿ. ಗಾಯವಾಗುವುದಾದರೆ ಅದಕ್ಕಾಗಲಿ, ಬಡವನ ಮಗನಿಗೆ ಬೇಡ.

ಒಂದು ನಿಬಂಧನೆ ಇರಬೇಕು. ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧ ಬಹಳ ಗಟ್ಟಿ. ಇಂಥ ವಸ್ತುಗಳು ನಿಸರ್ಗದಲ್ಲಿ ಸುಲಭವಾಗಿ ಕರಗಿಹೋಗುವುದಿಲ್ಲ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಯ ನೀರನ್ನು ಹುಬ್ಬಳ್ಳಿ-ಧಾರವಾಡದ ಜನ ಕುಡಿಯುತ್ತಾರೆ. ನೀರಿಗಿಳಿದ ಯಂತ್ರವನ್ನು ಲೆಕ್ಕವಿಟ್ಟು ಮೇಲೆತ್ತುವ ಹೊಣೆ ಇಳಿಸಿದವರದೇ ಆಗಬೇಕು. ಚರ್ಮದ ಗಾಯ ತಾನಾಗಿ ಮಾಯಬಹುದು. ನದಿಗೆ ಆದ ಗಾಯ ಹಾಗೆ ಮಾಯುವುದಿಲ್ಲ.

ನಿಮ್ಮಲ್ಲಿ ಅನೇಕರು ಈಗ ಇಂಜಿನಿಯರುಗಳು. ಈ ಎರಡು ಮಾತುಗಳನ್ನೂ ಒಟ್ಟಿಗೆ ನೆನಪಿಡಿರೆಂದು ನಿಮ್ಮ ಹಳೆಯ ಮೇಷ್ಟರ ಕೋರಿಕೆ.