'ಜಿನ್ ಪಟ್ರೋಲ್' ಓದಿ ಸಿಟ್ಟಾದವರಿಗೆ

ದೀಪಾ ಅನಪ್ಪಾರ ಅವರ 'ಜಿನ್ ಪಟ್ರೋಲ್ ಆನ್ ದ ಪರ್ಪಲ್ ಲೈನ್' ಅನ್ನೋ ಇಂಗ್ಲಿಷ್ ಕಾದಂಬರಿಯನ್ನು (2020) ನಾನು ಇಲ್ಲಿಯವರೆಗೆ ಆರು ಜನರ ಕೈಗೆ ಕೊಟ್ಟಿದ್ದೇನೆ. ಮೂವರು ಓದಿ ಎರಡು ದಿನ ಸುಮ್ಮನಾದರು. ಉಳಿದ ಮೂವರು ಪುಸ್ತಕ ವಾಪಸ್ ಕೊಡುವಾಗ ಜಗಳಕ್ಕೇ ಬಂದರು. "ಪರವಾಗಿಲ್ಲ, ಒಂದು ಸಲ ಓದಬಹುದು" ಅಂದವರು ಒಬ್ಬರೂ ಇಲ್ಲ. ಹೀಗೆ ಓದುಗರನ್ನು ಎರಡು ಗುಂಪು ಮಾಡುವ ಪುಸ್ತಕಗಳ ಬಗ್ಗೆ ನನಗೆ ಮೊದಲಿಂದಲೂ ಕುತೂಹಲ. ಅದಕ್ಕೇ ಈ ಬರಹ.

ಮೊದಲೇ ಹೇಳಿಬಿಡುತ್ತೇನೆ, ಕತೆಯ ಕೊನೆ ಏನು ಅಂತ ಕೆಳಗೆ ಬರೆದಿದ್ದೇನೆ. ಓದಬೇಕು ಅಂತಿರುವವರು ಇಲ್ಲೇ ನಿಲ್ಲಿಸಿ, ಓದಿಕೊಂಡು ಬನ್ನಿ.

ಗೊತ್ತಿಲ್ಲದವರಿಗೆ ಕತೆ ಇಷ್ಟು. ಉತ್ತರ ಭಾರತದ ಒಂದು ಮಹಾನಗರ, ಹೆಸರು ಹೇಳಿಲ್ಲ. ಹೊಗೆ ಮಂಜು ತುಂಬಿದ ಚಳಿಗಾಲ. ಮೆಟ್ರೋದ ಪರ್ಪಲ್ ಲೈನ್ ಮುಗಿಯುವ ಕಡೆ ಒಂದು ಬಸ್ತಿ. (ನಮ್ಮ ಜೈನ ಬಸ್ತಿ ಅಲ್ಲ, ಗುಡಿಸಲು ಕೇರಿ.) ಪಕ್ಕದಲ್ಲೇ ಶ್ರೀಮಂತರ ಅಪಾರ್ಟ್‌ಮೆಂಟುಗಳು, ಬಸ್ತಿಯ ಹೆಂಗಸರು ಮನೆಗೆಲಸಕ್ಕೆ ಹೋಗುವುದು ಅಲ್ಲಿಗೇ. ಕತೆ ಹೇಳುವವನು ಒಂಬತ್ತು ವರ್ಷದ ಜೈ. ಟೀವಿಯಲ್ಲಿ ಪೊಲೀಸ್ ಕಾರ್ಯಕ್ರಮ ನೋಡಿ ನೋಡಿ ತಾನೇ ದೊಡ್ಡ ಪತ್ತೇದಾರ ಅಂದುಕೊಂಡಿರುವ ಹುಡುಗ. ಅವನ ತರಗತಿಯ ಬಹಾದುರ್ ಒಂದು ದಿನ ಕಾಣೆಯಾಗುತ್ತಾನೆ. ಜೈ ತನ್ನ ಗೆಳೆಯರಾದ ಪರಿ ಮತ್ತು ಫೈಜ್ ಜೊತೆ ತನಿಖೆಗೆ ಹೊರಡುತ್ತಾನೆ. ಪರಿ ಇವರಲ್ಲಿ ಬುದ್ಧಿವಂತೆ. ಫೈಜ್‌ಗೆ ಇದೆಲ್ಲ ಜಿನ್‌ಗಳ ಕೆಲಸ ಅಂತ ನಂಬಿಕೆ. ಅಷ್ಟರಲ್ಲಿ ಇನ್ನೊಂದು ಮಗು ಹೋಗುತ್ತದೆ, ಆಮೇಲೆ ಮತ್ತೊಂದು..

ಸಿಟ್ಟಾದವರ ತಕರಾರುಗಳು ಮೂರು.

ಒಂದು, ಮಕ್ಕಳು ಕಾಣೆಯಾಗುವಂಥ ಕತೆಯಲ್ಲಿ ಇಷ್ಟೊಂದು ತಮಾಷೆ ಯಾಕೆ? ಸಮೋಸ, ಶಾಲೆಯ ಬಿಸಿಯೂಟ, ಪರಿಗೂ ಜೈಗೂ ಜಗಳ, ಹೀಗೇ ನೂರು ಪುಟ ದಾಟುತ್ತದೆ. ಎರಡು, 'ದೀದಿ', 'ಚಾಚಾ' ಅಂತ ಹಿಂದಿ ಉದುರಿಸಿ ಬರೆದ ಇಂಗ್ಲಿಷು ಯಾರಿಗೋಸ್ಕರ? ನಮ್ಮ ಬಡತನವನ್ನು ಹೊರಗಿನವರಿಗೆ ಪ್ರವಾಸ ಮಾಡಿಸಿದ ಹಾಗಲ್ಲವೇ? ಮೂರನೆಯದು ಎಲ್ಲಕ್ಕಿಂತ ಜೋರಿನದು: ಕೊನೆಗೆ ಏನಾಯಿತು ಅಂತ ಸರಿಯಾಗಿ ಹೇಳುವುದೇ ಇಲ್ಲ! ಯಾರೋ ಸಿಕ್ಕಿಬೀಳುತ್ತಾರೆ ನಿಜ, ಆದರೆ ಮಕ್ಕಳು ಸಿಗುವುದಿಲ್ಲ. ಜೈನ ಅಕ್ಕ, ಓಟದಲ್ಲಿ ಎಲ್ಲರನ್ನೂ ಮೀರಿಸುವ ರುನು, ಅವಳೂ ಹೋಗುತ್ತಾಳೆ, ಅವಳೂ ಸಿಗುವುದಿಲ್ಲ. "ಮುನ್ನೂರು ಚಿಲ್ಲರೆ ಪುಟ ಓದಿಸಿ ಕೈಗೆ ಚಿಪ್ಪು ಕೊಟ್ಟಳು ಮಾರಾಯಾ" ಅಂದ ನನ್ನ ಗೆಳೆಯ.

ಎರಡನೇ ತಕರಾರನ್ನು ಅರ್ಧ ಒಪ್ಪುತ್ತೇನೆ. ಕೆಲವು ಕಡೆ ನಮಗೆ ಗೊತ್ತಿರುವುದನ್ನೇ ನಮಗೆ ವಿವರಿಸಿದಂತೆ ಆಗುತ್ತದೆ, ಆಗ ಯಾರೋ ನನ್ನ ತಲೆಯ ಮೇಲಿಂದ ಹಿಂದಿನ ಸಾಲಿನವರ ಜೊತೆ ಮಾತಾಡುತ್ತಿರುವ ಹಾಗೆ ಅನ್ನಿಸಿದ್ದು ಸುಳ್ಳಲ್ಲ. ಆದರೆ ಲೇಖಕಿ ಬಡತನವನ್ನು ದೂರದಿಂದ ನೋಡಿ ಬರೆದವರಲ್ಲ. ಕೇರಳ ಮೂಲದ ಇವರು ಮುಂಬಯಿ, ದೆಹಲಿಗಳಲ್ಲಿ ಪತ್ರಕರ್ತೆಯಾಗಿ ಇಂಥ ಕೇರಿಗಳ ಮಕ್ಕಳನ್ನು ಮಾತಾಡಿಸಿದವರು. ಜೈನ ತಲೆಹರಟೆ ಬಂದಿರುವುದು ಅಲ್ಲಿಂದ. ಬಡವರ ಮಕ್ಕಳು ಇಪ್ಪತ್ತನಾಲ್ಕು ಗಂಟೆ ಮುಖ ಸಪ್ಪೆ ಮಾಡಿಕೊಂಡಿರಬೇಕು ಅಂತ ನಿರೀಕ್ಷಿಸುವುದು ನಮ್ಮ ರೋಗ, ಅವರದಲ್ಲ. ಹಾಗಾಗಿ ಮೊದಲನೇ ತಕರಾರು ನನಗೆ ತಕರಾರೇ ಅಲ್ಲ.

ಮೂರನೆಯದಕ್ಕೆ ಬರೋಣ. ಈ ಪುಸ್ತಕ ಓದುಗನನ್ನು ಜೈನ ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ. ಅವನ ಹಾಗೆ ನಮಗೂ ಇದು ಆಟ. ಯಾರು ಮಾಡಿರಬಹುದು, ಯಾವ ಸುಳಿವು, ಯಾರ ಮೇಲೆ ಅನುಮಾನ.. ಅಮ್ಮ ಕೂಡಿಟ್ಟ ದುಡ್ಡು ಕದ್ದು ಅವನು ಮೆಟ್ರೋ ಹತ್ತಿದಾಗ ನಮಗೂ ಖುಷಿಯೇ. ರುನು ಕಾಣೆಯಾದ ದಿನ ಆಟ ನಿಲ್ಲುತ್ತದೆ. ಇನ್ನು ಆ ಟೀವಿ ಕಾರ್ಯಕ್ರಮ ನೋಡುವುದೇ ಇಲ್ಲ ಅನ್ನುವಲ್ಲಿಗೆ ಜೈ ಬಂದು ಮುಟ್ಟುತ್ತಾನೆ. ನಾವು ಮಾತ್ರ ಇನ್ನೂ "ಸರಿ, ಕೊನೆಗೆ ಏನಾಯ್ತು?" ಅಂತ ಪುಟ ತಿರುವುತ್ತಿರುತ್ತೇವೆ. ನನ್ನ ಗೆಳೆಯನಿಗೆ ಚುಚ್ಚಿದ್ದು ಇದೇ ಅಂತ ನನ್ನ ಗುಮಾನಿ. ತಮಾಷೆ ಅಂದರೆ ಈ ಪುಸ್ತಕಕ್ಕೆ 2021ರಲ್ಲಿ ಎಡ್ಗರ್ ಪ್ರಶಸ್ತಿ ಬಂತು. ಅದು ಅಮೆರಿಕದ ಪತ್ತೇದಾರಿ ಲೇಖಕರ ಸಂಘ ಕೊಡುವ ಪ್ರಶಸ್ತಿ!

ಉತ್ತರ ಸಿಗದಿರುವುದು ಸಾಹಿತ್ಯದ ಗಿಮಿಕ್ ಅನ್ನುವವರು ಒಮ್ಮೆ ನಿಠಾರಿಯನ್ನು ನೆನಪಿಸಿಕೊಳ್ಳಿ. (ಕಾದಂಬರಿ ನಿಠಾರಿಯ ಕತೆ ಅಂತ ನಾನು ಹೇಳುತ್ತಿಲ್ಲ.) 2006ರ ಡಿಸೆಂಬರಿನಲ್ಲಿ ನೋಯ್ಡಾದ ಆ ಹಳ್ಳಿಯ ಪಕ್ಕ, ಒಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ಮಕ್ಕಳ ಮೂಳೆಗಳು ಸಿಕ್ಕವು. ಮಕ್ಕಳು ಕಾಣುತ್ತಿಲ್ಲ ಅಂತ ಅಪ್ಪ ಅಮ್ಮಂದಿರು ಅದಕ್ಕೂ ಬಹಳ ಮುಂಚಿನಿಂದ ಪೊಲೀಸರ ಬಳಿ ಅಲೆಯುತ್ತಿದ್ದರು. ಮನೆಯ ಮಾಲೀಕ, ಮನೆಗೆಲಸದವ ಇಬ್ಬರಿಗೂ ಕೆಳ ಕೋರ್ಟು ಗಲ್ಲು ವಿಧಿಸಿತು. 2023ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು, ತನಿಖೆಯೇ ಸರಿಯಿಲ್ಲ, ಆರೋಪ ಸಾಬೀತಾಗಿಲ್ಲ ಅಂತ ಅವರನ್ನು ಖುಲಾಸೆ ಮಾಡಿತು. 2025ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು, ನವೆಂಬರಿನಲ್ಲಿ ಉಳಿದಿದ್ದ ಕೊನೆಯ ಪ್ರಕರಣದಲ್ಲೂ ಮನೆಗೆಲಸದವನ ಬಿಡುಗಡೆಯಾಯಿತು. ಸಾಕ್ಷಿ ಇಲ್ಲದೆ ಯಾರನ್ನೂ ಗಲ್ಲಿಗೇರಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹತ್ತೊಂಬತ್ತು ವರ್ಷದ ಮೇಲೆ ಆ ತಾಯಂದಿರ ಕೈಯಲ್ಲಿ ಏನಿದೆ? ನನ್ನ ಗೆಳೆಯ ಹೇಳಿದ ಚಿಪ್ಪೇ. ಅವರಿಗೆ ಇಲ್ಲದ ಉತ್ತರ ನನಗೆ ಕೊನೇ ಪುಟದಲ್ಲಿ ಅಚ್ಚುಕಟ್ಟಾಗಿ ಸಿಕ್ಕಿದ್ದರೆ ನಾನು ಪುಸ್ತಕ ಮುಚ್ಚಿಟ್ಟು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದೆ, ಅಷ್ಟೇ.

ಮೂವರೂ ಸಿಟ್ಟಿನಲ್ಲಿ ಗಮನಿಸದೇ ಬಿಟ್ಟ ಒಂದು ವಿಷಯವಿದೆ. ಆ ಬಸ್ತಿಯವರು ಪೊಲೀಸರ ಹತ್ತಿರ ಹೋಗಲು ಹೆದರುವುದು ಯಾಕೆ? ಗಲಾಟೆ ಮಾಡಿದರೆ ಬುಲ್ಡೋಜರ್ ಬರುತ್ತದೆ, ಇಡೀ ಕೇರಿ ನೆಲಸಮವಾಗುತ್ತದೆ. ಒಬ್ಬರ ಮಗು ಹುಡುಕಲು ಎಲ್ಲರ ಮನೆ ಪಣಕ್ಕಿಡಬೇಕು. ಹಾಗಾಗಿ ಅಕ್ಕಪಕ್ಕದವರೇ "ಸುಮ್ಮನಿರು, ಬರ್ತಾನೆ" ಅನ್ನುತ್ತಾರೆ. ಆಮೇಲೆ ಸಿಟ್ಟು ತಿರುಗುವುದು ಬಸ್ತಿಯ ಮುಸ್ಲಿಮರ ಮೇಲೆ. ಕಳ್ಳ ಯಾರು ಅನ್ನುವುದಕ್ಕಿಂತ ಈ ಮೌನ ಹೇಗೆ ತಯಾರಾಗುತ್ತದೆ ಅನ್ನುವುದೇ ಈ ಪುಸ್ತಕದ ನಿಜವಾದ ತನಿಖೆ. ಅದಕ್ಕೆ ಉತ್ತರ ಪೂರ್ತಿ ಕೊಟ್ಟಿದ್ದಾರೆ. ಕಾಣೆಯಾದ ಪ್ರತಿ ಮಗುವಿನ ಬಗ್ಗೆಯೂ ಎಫ್‌ಐಆರ್ ದಾಖಲಿಸಲೇಬೇಕು ಅಂತ ಸುಪ್ರೀಂ ಕೋರ್ಟು 2013ರ ಮೇ ತಿಂಗಳಲ್ಲೇ ಹೇಳಿದೆ. ಅಂಥದ್ದನ್ನು ಕೋರ್ಟು ಬಾಯಿಬಿಟ್ಟು ಹೇಳಬೇಕಾಯಿತು ಅನ್ನುವುದರಲ್ಲೇ ಎಲ್ಲವೂ ಇದೆ.

ನಮ್ಮೂರಿನಲ್ಲಿ, ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗ ಜಾತ್ರೆಗೆ ಹೋದವನು ಬರಲಿಲ್ಲ. ನಾನಾಗ ಮಿಡ್ಲ್ ಸ್ಕೂಲು. ನಾವು ಹುಡುಗರು ಒಂದು ವಾರ ಜೈನ ಹಾಗೇ ಪತ್ತೇದಾರಿ ಮಾಡಿದೆವು, ಆಮೇಲೆ ಪರೀಕ್ಷೆ ಬಂತು, ಮರೆತೆವು. ಅವನ ತಾಯಿ ರೇಷನ್ ಕಾರ್ಡಿನಿಂದ ಅವನ ಹೆಸರು ತೆಗೆಸಲು ಒಪ್ಪಲಿಲ್ಲ. 2001ರ ಜನಗಣತಿಗೆ ಬಂದ ಮೇಷ್ಟ್ರು "ಮನೇಲಿ ಎಷ್ಟು ಜನ ತಾಯಿ?" ಅಂದಾಗ "ಐದು" ಅಂದರಂತೆ. ಇದ್ದಿದ್ದು ನಾಲ್ಕು. ಈ ಕತೆಗೂ ಕೊನೆ ಇಲ್ಲ. ಕೇಳಿದವರು ಯಾರೂ ಇವತ್ತಿನವರೆಗೆ ಅದರ ಮೇಲೆ ಸಿಟ್ಟಾಗಿಲ್ಲ. ಕಾದಂಬರಿಯ ಮೇಲೆ ಮಾತ್ರ ಯಾಕೆ?

ಇಷ್ಟೆಲ್ಲಾ ಹೇಳಿದರೂ ಗೆಳೆಯ ಒಪ್ಪಿಲ್ಲ. "ನಿಜ ಜೀವನದಲ್ಲಿ ಸಿಗಲ್ಲ ಅಂತಲೇ ಅಲ್ವೇನೋ ಕತೆ ಓದೋದು?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ, ಸುಳ್ಳು ಯಾಕೆ ಹೇಳಲಿ. ಕತೆ ಸಮಾಧಾನ ಹೇಳಬಾರದು ಅಂತ ನನ್ನ ವಾದವಲ್ಲ. ಆದರೆ ಈ ವಿಷಯದಲ್ಲಿ ಸಮಾಧಾನ ಬೇಕಾಗಿರುವುದು ನಮಗಲ್ಲ ಅಂತ ಮಾತ್ರ ನನಗೆ ಅನ್ನಿಸುತ್ತದೆ.

ಏಳನೆಯವರಿಗೆ ಕೊಡಲು ನನ್ನ ಪ್ರತಿ ತಯಾರಿದೆ, ಅಟ್ಟೆ ಸ್ವಲ್ಪ ಹರಿದಿದೆ. ನೀವು ಈಗಾಗಲೇ ಓದಿದ್ದರೆ, ನೀವು ಯಾವ ಗುಂಪು?