ಮ್ಯಾಲಿನ ಖೋಲಿನ ಯಾಕ ಬೇಕು?

ಹಡಗಿನ ಪ್ರವಾಸ ಅಂದ ಕೂಡ್ಲೆ ಮಕ್ಕಳು ಅವ್ವ-ಅಪ್ಪಗ ಎಲ್ಲಾಕಿಂತ ಮ್ಯಾಲಿನ ಮಜಲಿನಾಗ ಬಾಲ್ಕನಿ ಖೋಲಿ ಹಿಡೀತಾರ. ತುಟ್ಟಿ ಇದ್ದದ್ದೆಲ್ಲಾ ಛಲೋ ಅಂತ ಯಾರು ಹೇಳ್ಯಾರ? ಕ್ವೀನ್ ಮೇರಿ 2 ಅಂಥಾ 345 ಮೀಟರ್ ಹಡಗೂ ಅಟ್ಲಾಂಟಿಕ್‌ನ್ಯಾಗ ತೂಗತದ. ಸೌಥಾಂಪ್ಟನ್ನಿಂದ ನ್ಯೂಯಾರ್ಕಿಗೆ 7 ರಾತ್ರಿ, ನಡುವ ಇಳಿಯೂ ಹಂಗಿಲ್ಲ. ಮೂತಿ ಏರಿದಾಗ ಬಾಲ ಇಳೀತದ, ನಡುಭಾಗ ಕಡಿಮಿ ಅಲಗಾಡತದ. ಎತ್ತರಕ್ಕ ಹೋದಷ್ಟೂ ಓಲಾಟ ಜಾಸ್ತಿ. ಬಸ್ಸಿನ ಹಿಂದಿನ ಸೀಟಿನಾಗ ಕೂತು ಬಂದಾವ್ರಿಗೆ ಇದನ್ನ ತಿಳಿಸಿ ಹೇಳಬೇಕೇನ್ರಿ? ವಾಂತಿ ಮಾಡ್ಕೋತ ಮಲಗಿದಾಕಿಗೆ ಬಾಲ್ಕನಿ ತಗೊಂಡು ಏನ್ಮಾಡೋದು!

ಕೆಳಗಿನ ಮಜಲು, ನಟ್ಟನಡುವ, ತಲಿ ಮ್ಯಾಲೂ ಕಾಲ ಕೆಳಗೂ ಬರೇ ಖೋಲಿಗಳ ಇರೂ ಜಾಗ ಕೇಳ್ರಿ. ಕುಣಿಯೂ ಹಾಲಿನ ಕೆಳಗ ಕೊಟ್ರ ಬ್ಯಾಡ ಅನ್ರಿ. ಲಿಫ್ಟು ಸನೇಕ ಇರ್ಲಿ, ಮೊಣಕಾಲು ನಮ್ಮವು. "ಖೋಲಿ ನಾವ ಆರಿಸ್ತೀವಿ, ರೊಕ್ಕ ಕಡಿಮಿ" ಅಂದ್ರ ಉಳದದ್ದ ನಮ್ಮ ಪಾಲಿಗೆ. ಖೋಲಿ ನಂಬರ್ ಹೇಳೂತನಕ ರೊಕ್ಕ ಬಿಚ್ಚಬ್ಯಾಡ್ರಿ.