ಬಾಣಂತಿ ಗಾಜಿನಾಚೆ ಯಾಕೆ ನಿಲ್ಲಬೇಕು?

ಬೋರಗಾಂವದ ಒಂದು ಮನೆಯಲ್ಲಿ ಕೂಸು ಹುಟ್ಟಿದೆ ಎಂದುಕೊಳ್ಳಿ. ಮೂರನೇ ದಿನ ಅದರ ತುಟಿ ನೀಲಿಗಟ್ಟುತ್ತದೆ, ಮೊಲೆ ಹಿಡಿದರೆ ಏದುಸಿರು ಬಿಡುತ್ತದೆ. 'ಹೃದಯದ ತೊಂದರೆ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ' ಎನ್ನುತ್ತಾರೆ ಡಾಕ್ಟರು. ಒಂದು ದಿಕ್ಕಿಗೆ ಬೆಳಗಾವಿ, ಗಡಿ ದಾಟಿದರೆ ಕೊಲ್ಲಾಪುರ. ಹಸಿ ಬಾಣಂತಿಯೂ ಅದೇ ಗಾಡಿ ಹತ್ತುತ್ತಾಳೆ. ಆಪರೇಷನ್ ಆಗುತ್ತದೆ, ಕೂಸು ಉಳಿಯುತ್ತದೆ. ಆಮೇಲೆ ಕೂಸು ಐಸಿಯು ಒಳಗೆ, ತಾಯಿ ಹೊರಗಿನ ಬೆಂಚಿನ ಮೇಲೆ. ದಿನಕ್ಕೆ ಒಂದೆರಡು ಸಲ ಗಾಜಿನಾಚೆಯಿಂದ ಮುಖದರ್ಶನ, ಅಷ್ಟೇ.

ಹುಟ್ಟುವ ಪ್ರತಿ 1000 ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳಿಗೆ ಹೃದಯದ ದೋಷ ಇರುತ್ತದೆ. ಅವರಲ್ಲಿ ಕೆಲವರಿಗೆ ಮೊದಲ ವಾರಗಳಲ್ಲೇ ಶಸ್ತ್ರಚಿಕಿತ್ಸೆ ಬೇಕು. ಆ ಕೂಸು ಚೇತರಿಸಿಕೊಳ್ಳುವಾಗ ತಾಯಿಯ ಎದೆಯೂ ಚಿಕಿತ್ಸೆಯ ಭಾಗವಾಗಬೇಕು ಎಂಬುದು ನಮ್ಮ ಮಾತು.

ಬರಿಮೈ ಕೂಸನ್ನು ತಾಯಿಯ ಬರಿ ಎದೆಗೆ ಒರಗಿಸಿಕೊಳ್ಳುವ 'ಕಾಂಗರೂ ಆರೈಕೆ' ಹೊಸದೇನಲ್ಲ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಶುರುವಾಯಿತು. ನಮ್ಮದೇ ಕೊಪ್ಪಳ ಜಿಲ್ಲೆಯ ಆಸ್ಪತ್ರೆಗಳು ಕಡಿಮೆ ತೂಕದ ಮಕ್ಕಳಿಗೆ ಇದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿವೆ. ದೆಹಲಿಯ ಸಫ್ದರ್‌ಜಂಗ್ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗೆ ಸೇರಿದ ಕಡಿಮೆ ತೂಕದ ಮಕ್ಕಳಲ್ಲಿ ಸಾವು ಶೇ. 25ರಷ್ಟು ಕಡಿಮೆಯಾಯಿತು.

ಹೃದಯದ ಆಪರೇಷನ್ ಆದ ಕೂಸಿನ ವಿಷಯ ಬೇರೆ, ಒಪ್ಪುತ್ತೇವೆ. ಎದೆಯ ಮೂಳೆ ಸೀಳಿ ತಂತಿಯಿಂದ ಕಟ್ಟಿರುತ್ತಾರೆ, ಮೈತುಂಬ ನಳಿಕೆ. ವೆಂಟಿಲೇಟರ್ ಮೇಲಿರುವ, ಸ್ಥಿರವಾಗದ ಕೂಸನ್ನು ಈಗಲೇ ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಯಾವಾಗ, ಎಷ್ಟು ಹೊತ್ತು ಎನ್ನುವುದು ವೈದ್ಯರ ತೀರ್ಮಾನ. ಆದರೆ ಕೂಸು ಸ್ಥಿರವಾದ ಮೇಲೂ ಬಾಗಿಲು ತೆರೆಯದಿದ್ದರೆ ಅದು ವೈದ್ಯಕೀಯ ಕಾರಣವಲ್ಲ, ಬರೀ ರೂಢಿ. ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಗಂಭೀರ ಹೃದಯದೋಷದ ಕೂಸುಗಳನ್ನು ಎದೆಗೊರಗಿಸಿಕೊಂಡ ತಾಯಂದಿರ ಒತ್ತಡ, ಆತಂಕ ಇಳಿದವು, ಕೂಸಿನೊಂದಿಗಿನ ನಂಟು ಗಟ್ಟಿಯಾಯಿತು. ಅಂಥ ಅಧ್ಯಯನಗಳು ಸಣ್ಣವು, ನಿಜ. ಹಾಗಂತ ತಾಯಿಯನ್ನು ಬೆಂಚಿನ ಮೇಲೆ ಕೂರಿಸುವುದರಿಂದ ಒಳ್ಳೆಯದಾಗುತ್ತದೆ ಎಂದು ಯಾರು ತೋರಿಸಿದ್ದಾರೆ?

ಸೋಂಕಿನ ಭಯ ಹೇಳುತ್ತಾರೆ. ಕಡಿಮೆ ತೂಕದ ಮಕ್ಕಳಲ್ಲಿ ಈ ಆರೈಕೆಯಿಂದ ಸೋಂಕು ಇಳಿದಿದೆ, ಏರಿಲ್ಲ. ಕೈ ತೊಳೆಸಿ, ಗೌನ್ ಕೊಟ್ಟು ಒಳಗೆ ಕರೆಯಿರಿ. ತಂದೆ ತಾಯಿಯನ್ನು ನವಜಾತ ಶಿಶು ಘಟಕದೊಳಗೆ ಬಿಟ್ಟು, ಆರೈಕೆ ಕಲಿಸಬೇಕೆಂದು ಕೇಂದ್ರ ಸರ್ಕಾರವೇ 2017ರಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹೃದಯದ ಐಸಿಯುಗಳಿಗೂ ಅದೇ ಮನಸ್ಸು ಬರಲಿ.

ಇದಕ್ಕೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಒರಗುವ ಒಂದು ಕುರ್ಚಿ, ಒಂದು ಪರದೆ, ನಳಿಕೆ ಎಳೆಯದಂತೆ ಕೂಸನ್ನು ಎತ್ತಿಕೊಡುವ ಇಬ್ಬರು ನರ್ಸ್‌ಗಳು. ಬಾಣಂತಿಗೆ ಆಸ್ಪತ್ರೆಯಲ್ಲೇ ಹಾಸಿಗೆ, ಬಿಸಿ ಊಟ, ಹಾಲು ಹಿಂಡಲು ಒಂದು ಮರೆ. ನರ್ಸ್‌ಗಳು ಕಡಿಮೆ ಇದ್ದಾರೆ ಎನ್ನುವುದು ನಿಜವಾದ ತೊಂದರೆ. ಅದಕ್ಕೆ ಉತ್ತರ ನೇಮಕಾತಿ, ಬಾಗಿಲಿಗೆ ಚಿಲಕವಲ್ಲ. ತಾಯಿಗೆ ಆಗದಿದ್ದರೆ ಅಪ್ಪನ ಎದೆಯೂ ಆದೀತು. ಗಡಿಯ ನಮ್ಮಂಥವರಿಗೆ ಇನ್ನೊಂದು ಬೇಡಿಕೆ ಇದೆ: ಹೇಳುವುದನ್ನು ಕನ್ನಡದಲ್ಲೋ ಮರಾಠಿಯಲ್ಲೋ, ತಾಯಿಗೆ ತಿಳಿಯುವ ಮಾತಿನಲ್ಲಿ ಹೇಳಿ.

ಒಳಗೆ ಬಿಟ್ಟರೆ ಇನ್ನೊಂದು ಲಾಭ. ನಮ್ಮಲ್ಲಿ ಕೂಸನ್ನು ಕಂಕುಳಿಗೆ ಕೈ ಕೊಟ್ಟು ಎತ್ತುವುದು, ಎಣ್ಣೆ ಹಚ್ಚಿ ಎದೆ ತಿಕ್ಕುವುದು ರೂಢಿ. ಮೂಳೆ ಕೂಡುವವರೆಗೆ, ಕೆಲವು ವಾರ, ಇವೆರಡೂ ಬೇಡ. ತಲೆಯ ಕೆಳಗೊಂದು, ಕುಂಡೆಯ ಕೆಳಗೊಂದು ಕೈ ಇಟ್ಟು ಎತ್ತಬೇಕು. ಐಸಿಯುದಲ್ಲಿ ಹತ್ತು ಸಲ ಹಾಗೆ ಎತ್ತಿಕೊಂಡ ತಾಯಿ ಮನೆಯಲ್ಲಿ ಅಜ್ಜಿಗೂ ಕಲಿಸುತ್ತಾಳೆ. ಡಿಸ್ಚಾರ್ಜ್ ದಿನ ಮೊದಲ ಸಲ ಕೂಸನ್ನು ಮುಟ್ಟಿದವಳು ಅದನ್ನು ಬೋರಗಾಂವದವರೆಗೆ ಕೈ ನಡುಗಿಸುತ್ತಲೇ ಒಯ್ಯಬೇಕಾಗುತ್ತದೆ.

ತಾಯಿ ಆಸ್ಪತ್ರೆಗೆ ಭೇಟಿ ಕೊಡಲು ಬಂದವಳಲ್ಲ. ಭೇಟಿ ಸಮಯದ ಬೋರ್ಡು ನೆಂಟರಿಗಿರಲಿ.